ಮೂರು ತೊಡೆಗಳು: ರನ್ನನ ಸೀಮೆಯಲ್ಲಿ ಗಾಯದ ಲೆಕ್ಕ

ಕನ್ನಡ ವಿಮರ್ಶೆ ಕಾವ್ಯ ಓದಿದೆ, ಕಾದಂಬರಿ ಓದಿದೆ, ಕಲ್ಲಿನ ಶಾಸನಗಳನ್ನೂ ಬಿಟ್ಟಿಲ್ಲ. ಕಾಯ್ದೆ ಪುಸ್ತಕವನ್ನು ಮಾತ್ರ ವಕೀಲರಿಗೆ ಬಿಟ್ಟುಕೊಟ್ಟು ಸುಮ್ಮನಿದೆ. ಆದರೆ ನಮ್ಮ ಜನರ ಮೈಮೇಲೆ ದಿನಾ ಪ್ರಯೋಗವಾಗುವ ಬರಹ ಯಾವುದು? ಕವಿತೆಯಂತೂ ಅಲ್ಲ. ಕವಿತೆ ಓದದೆ ಬದುಕಿದವರು ನಮ್ಮ ಕೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಯ್ದೆಯ ಕೈಗೆ ಸಿಗದೆ ಬದುಕಿದವರು ಇಲ್ಲ. ಹಾಗಾದರೆ ಆ ಬರಹದ ಭಾಷೆ ಎಂಥದ್ದು, ಅದು ಯಾರನ್ನು ನೋಡುತ್ತದೆ, ಯಾರನ್ನು ನೋಡದೆ ದಾಟಿ ಹೋಗುತ್ತದೆ ಎಂದು ಕೇಳುವುದೂ ವಿಮರ್ಶೆಯ ಕೆಲಸವೇ. ದುಡಿಯುವಾಗ ಕೈಕಾಲು ಕಳಕೊಂಡವನಿಗೆ ಎಷ್ಟು ಕೊಡಬೇಕು ಎಂದು ಹೇಳುವ ಕಾಯ್ದೆಯನ್ನು ಇಲ್ಲಿ ಓದಲು ಹೊರಟಿದ್ದೇನೆ. ಮುಧೋಳದಲ್ಲಿ ಕೂತು ಅದನ್ನು ಓದುವವನಿಗೆ ರನ್ನನನ್ನು ಬಿಟ್ಟು ಓದಲಾಗುವುದಿಲ್ಲ.

ರನ್ನ ಈ ಸೀಮೆಯವನು. 10ನೇ ಶತಮಾನದಲ್ಲಿ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಳುಕ್ಯರ ಆಸ್ಥಾನ ಸೇರಿ, ಕವಿಚಕ್ರವರ್ತಿ ಅನ್ನಿಸಿಕೊಂಡವನು. ತಾಲೂಕಿನಲ್ಲಿ ರನ್ನ ಬೆಳಗಲಿ ಎಂಬ ಊರೇ ಇದೆ. ತಿಮ್ಮಾಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತ ಜಾಗಕ್ಕೆ ರನ್ನನಗರ ಎಂದು ಹೆಸರಿಟ್ಟಿದ್ದಾರೆ. ಅವನ ‘ಗದಾಯುದ್ಧ’ ಹೋಗಿ ಮುಟ್ಟುವುದು ಒಂದು ಗಾಯಕ್ಕೆ. ಭೀಮನ ಗದೆಗೆ ದುರ್ಯೋಧನನ ತೊಡೆ ಮುರಿಯುತ್ತದೆ. ಗದೆಯ ಕಾಳಗಕ್ಕೆ ಒಂದು ಕಟ್ಟಳೆ ಇತ್ತು: ಹೊಕ್ಕುಳ ಕೆಳಗೆ ಹೊಡೆಯಬಾರದು. ಆ ಕಟ್ಟಳೆ ಮುರಿದು ಬಿದ್ದ ಪೆಟ್ಟು ಅದು. ಮಹಾಭಾರತದ ಕಥೆಯಲ್ಲಿ ಇದನ್ನು ಕಂಡು ಸಿಟ್ಟಾಗಲು ಬಲರಾಮನಂಥವನು ಇದ್ದಾನೆ. ಭೀಮನಿಗೂ ತನ್ನ ಸಮರ್ಥನೆ ಇದೆ: ದ್ರೌಪದಿಗಾದ ಅವಮಾನ, ಅಂದು ಮಾಡಿದ ಪ್ರತಿಜ್ಞೆ. ಕಟ್ಟಳೆ, ಕಟ್ಟಳೆಯ ಉಲ್ಲಂಘನೆ, ಗಾಯ, ಸಾಕ್ಷಿ, ಪ್ರತಿವಾದ ಎಲ್ಲವೂ ಇವೆ. ಇವತ್ತಿನ ಮಾತಲ್ಲಿ ಹೇಳುವುದಾದರೆ ಅದು ಪೂರಾ ಒಂದು ದಾವೆಯ ಸರಂಜಾಮು.

ಆದರೆ ಆ ಪೆಟ್ಟಿಗೆ ಮುಂಚೆ ಕಾವ್ಯದಲ್ಲಿ ಇನ್ನೊಂದು ನಡಿಗೆ ಇದೆ. ದುರ್ಯೋಧನ ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನ ಮುಂದೆ ನಿಂತು ಅಳುತ್ತಾನೆ, ಮಗನ ಮುಂದೆ, ತಮ್ಮನ ಮುಂದೆ, ಕರ್ಣನ ಮುಂದೆ ಅಳುತ್ತಾನೆ. ಹಗೆಯ ಮಗ ಅಭಿಮನ್ಯುವಿಗೂ ಗೌರವ ಕೊಡುತ್ತಾನೆ. ರನ್ನ ದೊಡ್ಡ ಕವಿಯಾಗಿ ಕಾಣುವುದು ಇಲ್ಲೇ. ಆದರೆ ಕಾಲಿಗೆ ತೊಡರುವ ಉಳಿದ ಹೆಣಗಳಿಗೆ ಹೆಸರಿಲ್ಲ. ಅವರ ಮನೆಯಲ್ಲಿ ಯಾರು ಅತ್ತರು ಎಂಬ ಸುದ್ದಿ ಕಾವ್ಯಕ್ಕೆ ಬರುವುದಿಲ್ಲ. ಇದನ್ನು ರನ್ನನ ಒಬ್ಬನ ತಪ್ಪು ಅಂತ ಬೈದು ಕೈತೊಳಕೊಂಡರೆ ನಮ್ಮ ಕೆಲಸ ಮುಗಿಯುವುದಿಲ್ಲ. ಗಾಯಕ್ಕೆ ಅರ್ಥ ಬರಬೇಕಾದರೆ ಗಾಯಗೊಂಡವನಿಗೆ ಕುಲ ಬೇಕು, ಕಿರೀಟ ಬೇಕು ಎಂಬುದು ಆ ವ್ಯವಸ್ಥೆಯ ಕಾವ್ಯನಿಯಮವಾಗಿತ್ತು. ಕೈಗೆ ಬಳೆ ತೊಡಿಸುವವರ ಮನೆಯಿಂದ ಬಂದ ಕವಿಯೂ ಆ ನಿಯಮ ದಾಟಲಿಲ್ಲ.

ಎರಡನೆಯ ತೊಡೆ ಇಂಗ್ಲೆಂಡಿನದು. ನಮ್ಮ ಕಾಯ್ದೆಯ ಬೇರು ಅಲ್ಲಿರುವುದರಿಂದ ಅದನ್ನು ನೋಡಲೇಬೇಕು. 1835ರಲ್ಲಿ ಫೌಲರ್ ಎಂಬ ಕಟುಕನ ಅಂಗಡಿಯಲ್ಲಿ ಪ್ರೀಸ್ಟ್ಲಿ ಎಂಬ ಆಳುಮಗ ದುಡಿಯುತ್ತಿದ್ದ. ಮಾಂಸ ಹೇರಿದ ಗಾಡಿ ಭಾರ ತಾಳದೆ ಮುರಿಯಿತು, ಹುಡುಗನ ತೊಡೆಯೂ ಮುರಿಯಿತು. ಅವನು ಮಾಲೀಕನ ಮೇಲೆ ದಾವೆ ಹೂಡಿದ. ಜೂರಿ 100 ಪೌಂಡು ಕೊಡಿಸಿತು. 1837ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಲಾರ್ಡ್ ಅಬಿಂಜರನ ವಾದ ಇಷ್ಟು: ಆಳಿಗೆ ಆದ ಗಾಯಕ್ಕೆಲ್ಲ ಮಾಲೀಕ ಹೊಣೆ ಎಂದರೆ ಹೊಣೆಗೆ ಕೊನೆಯೇ ಇರುವುದಿಲ್ಲ, ಗಾಡಿ ಎಷ್ಟು ಭಾರ ಹೊರುತ್ತದೆ ಎಂಬುದು ಆಳಿಗೂ ಗೊತ್ತಿರುತ್ತದೆ, ಬೇಡ ಅನ್ನಿಸಿದರೆ ಅವನು ಹತ್ತದೆ ಇರಬಹುದಿತ್ತು.

ಹತ್ತದೆ ಇರಬಹುದಿತ್ತು! ಕೂಲಿ ಮಾಡಿ ಉಂಡವರಿಗೆ ಈ ಮಾತಿನ ಕ್ರೌರ್ಯ ಬಿಡಿಸಿ ಹೇಳಬೇಕಾಗಿಲ್ಲ. ಬೇಡ ಅಂದರೆ ನಾಳೆ ಕೆಲಸ ಇಲ್ಲ. ಹಸಿವನ್ನು ಒಪ್ಪಿಗೆ ಎಂದು ಓದುವ ಈ ತರ್ಕದಿಂದ ಹುಟ್ಟಿದ ಒಂದು ಸಿದ್ಧಾಂತ ಇಂಗ್ಲೆಂಡಿನಲ್ಲಿ 1948ರವರೆಗೂ ಬದುಕಿತ್ತು. ಜೊತೆಗಾರನ ತಪ್ಪಿನಿಂದ ಗಾಯವಾದರೆ ಮಾಲೀಕ ಹೊಣೆಯಲ್ಲ ಎಂಬುದು ಆ ಸಿದ್ಧಾಂತ. ರನ್ನನ ಕಾವ್ಯದಲ್ಲಿ ಹೆಸರಿಲ್ಲದವನು ಇಲ್ಲಿ ಹೆಸರು ಪಡೆದು ಕೋರ್ಟಿನೊಳಗೆ ಬಂದ. ಬಂದವನಿಗೆ ನೀನು ಸ್ವತಂತ್ರ ಮನುಷ್ಯ, ಅದಕ್ಕೇ ನಿನಗೇನೂ ಇಲ್ಲ ಅಂತ ಹೇಳಿ ಕಳಿಸಿದರು.

ಮೂರನೆಯ ತೊಡೆ ನಮ್ಮದು. 1923ರಲ್ಲಿ ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು, 1924ರ ಜುಲೈ 1ರಿಂದ ಜಾರಿಯಾಯಿತು. 2009ರಲ್ಲಿ ತಿದ್ದುಪಡಿಯಾಗಿ ಕಾರ್ಮಿಕ ಎಂಬ ಪದ ಹೋಗಿ ನೌಕರ ಎಂಬ ಪದ ಬಂತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹೆಸರು ಬದಲಾದರೂ ಹಳೆಯ ಕಾಯ್ದೆಯ ಗಾಯದ ಪಟ್ಟಿ ಹೊಸ ಸಂಹಿತೆಗೂ ದಾಟಿ ಬಂದಿದೆ. ಆ ಪಟ್ಟಿಯನ್ನು ಒಂದು ಪಠ್ಯದಂತೆ ಓದಿ ನೋಡಿ. ತೊಡೆಯ ಮಟ್ಟದಲ್ಲಿ ಎರಡೂ ಕಾಲು ಕತ್ತರಿಸಿ ಹೋದರೆ ಶೇಕಡಾ 100. ಒಂದು ಕಾಲು ಸೊಂಟದ ಕೀಲಿನಲ್ಲೇ ಹೋದರೆ 90. ಆಮೇಲೆ ಉಳಿದ ಮೋಟು ಎಷ್ಟು ಉದ್ದ ಎಂದು ಸೆಂಟಿಮೀಟರಿನಲ್ಲಿ ಅಳೆದು 80, 70, 60. ಕೈಗೆ ಬಂದರೆ ಹೆಬ್ಬೆರಳು 30, ತೋರುಬೆರಳು 14, ನಡುಬೆರಳು 12, ಉಂಗುರ ಬೆರಳು ಇಲ್ಲವೇ ಕಿರುಬೆರಳು 7. ದುರ್ಯೋಧನನ ತೊಡೆ ಮುರಿಯಿತೇ ಹೊರತು ತುಂಡಾಗಲಿಲ್ಲ. ಹಾಗಾಗಿ ಅದು ಈ ಪಟ್ಟಿಯಲ್ಲಿ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಗಾಯಕ್ಕೆ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ಡಾಕ್ಟರು ಬರೆದುಕೊಡಬೇಕು.

ಮೊದಲ ಓದಿಗೆ ಈ ಪಟ್ಟಿ ಮೈ ನಡುಗಿಸುತ್ತದೆ. ಸಂತೆಯಲ್ಲಿ ಕುರಿಯ ಮಾಂಸ ಗುಡ್ಡೆ ಹಾಕಿದ ಹಾಗೆ ಕಾಣುತ್ತದೆ. ಆದರೆ ಎರಡನೆಯ ಓದು ಬೇರೆ ಹೇಳುತ್ತದೆ. ಈ ಪಟ್ಟಿಯಲ್ಲಿ ಜಾತಿ ಇಲ್ಲ, ಕುಲ ಇಲ್ಲ. ಹೊಲೆಯರ ಹೆಬ್ಬೆರಳೂ 30, ದೇಸಾಯರ ಹೆಬ್ಬೆರಳೂ 30. ಏಕಲವ್ಯನ ಹೆಬ್ಬೆರಳನ್ನು ಬಿಟ್ಟಿಯಾಗಿ ಕತ್ತರಿಸಿಕೊಂಡ ದೇಶದಲ್ಲಿ ಇದು ಸಣ್ಣ ಮಾತಲ್ಲ. ಮನುಸ್ಮೃತಿಯಲ್ಲಿ ಶಿಕ್ಷೆ ಜಾತಿಗೊಂದಾಗಿತ್ತು. ಈ ಪಟ್ಟಿಯಲ್ಲಿ ಎಲ್ಲರ ಮೈಗೂ ಒಂದೇ ಅಳತೆ.

ಹಾಗಾದರೆ ಜಾತಿ ಎಲ್ಲಿ ಹೋಯಿತು? ಮುಂದಿನ ಸಾಲಿಗೆ ಹೋಗಿ ಕೂತಿತು. ಪಟ್ಟಿಯ ಅಂಕಿಯನ್ನು ಪಗಾರದಿಂದ ಗುಣಿಸಬೇಕು. 1923ರ ಕಾಯ್ದೆಯ ಲೆಕ್ಕ ಹೀಗಿತ್ತು: ತಿಂಗಳ ಪಗಾರದ ಶೇಕಡಾ 60, ಅದಕ್ಕೆ ವಯಸ್ಸಿನ ಗುಣಕ, ಅದರಲ್ಲಿ ಗಾಯದ ಶೇಕಡಾವಾರು. 30 ವರ್ಷದವನಿಗೆ ಗುಣಕ 207.98. 2020ರ ಜನವರಿಯಲ್ಲಿ ಲೆಕ್ಕಕ್ಕೆ ಹಿಡಿಯುವ ಪಗಾರದ ಮಿತಿ 15,000 ರೂಪಾಯಿ ಆಯಿತು. ಆ ಪಗಾರ ಕಾಗದದಲ್ಲಿ ಇದ್ದವನ ತೋರುಬೆರಳು ಹೋದರೆ ಸುಮಾರು 2,62,055 ರೂಪಾಯಿ. ಅದೇ ವಯಸ್ಸು, ಅದೇ ಬೆರಳು, ಆದರೆ ಕಾಗದದಲ್ಲಿ ಪಗಾರ 6,000 ಅಂತ ಇದ್ದರೆ ಸುಮಾರು 1,04,822. ಬೆರಳು ಒಂದೇ, ಬೆಲೆ ಎರಡು. ತಲೆತಲಾಂತರದಿಂದ ಯಾರ ಕೂಲಿಯನ್ನು ಕಡಿಮೆ ಇಟ್ಟರೋ ಅವರ ಗಾಯವೂ ಅಷ್ಟೇ ಅಗ್ಗವಾಗುತ್ತದೆ. ಮುಂಬಾಗಿಲಲ್ಲಿ ಕಾಯ್ದೆ ಜಾತಿಯನ್ನು ತಡೆಯಿತು. ಹಿತ್ತಿಲ ಬಾಗಿಲಿಂದ ಕೂಲಿಯ ವೇಷದಲ್ಲಿ ಅದು ಒಳಗೆ ಬಂತು.

ಈ ಗುಣಾಕಾರದ ಪೂರ್ತಿ ಅರ್ಥ ತಿಳಿಯಬೇಕಾದರೆ ಕಬ್ಬಿನ ಹಂಗಾಮಿನಲ್ಲಿ ಘಟಪ್ರಭೆಯ ದಂಡೆಗೆ ಬರಬೇಕು. ಇಲ್ಲಿ ಕಾರ್ಖಾನೆಯ ಗೇಟಿನ ಒಳಗಿನ ಸಾವು ಸುದ್ದಿಯಾಗುತ್ತದೆ. 2018ರ ಡಿಸೆಂಬರಿನಲ್ಲಿ ಮುಧೋಳದ ನಿರಾಣಿ ಸಕ್ಕರೆ ಕಾರ್ಖಾನೆಯಲ್ಲಿ ಸ್ಫೋಟವಾಗಿ 4 ಜನ ಸತ್ತಾಗ ರಾಜ್ಯವೆಲ್ಲ ತಿರುಗಿ ನೋಡಿತು. ಗೇಟಿನ ಹೊರಗೆ ಹೊಲದಲ್ಲಿ ಕುಡುಗೋಲಿಗೆ ಹೋದ ಬೆರಳು, ಗಾಣಕ್ಕೆ ಹೋದ ಕೈ, ಕಬ್ಬು ಹೇರಿದ ಟ್ರೇಲರ್ ಮಗುಚಿ ಅದರಡಿಗೆ ಹೋದ ಜೀವ ಸುದ್ದಿಯಾಗುವುದು ಅಪರೂಪ. ಕಾಯ್ದೆಯ ಕಣ್ಣೂ ಹಾಗೇ ಗೇಟಿನ ಕಡೆಗೇ ಇದೆ. ಗುತ್ತಿಗೆದಾರನ ಮೂಲಕ ಬಂದವನಿಗೂ ಮೂಲ ಮಾಲೀಕನೇ ಹೊಣೆ ಎಂದು 1923ರ ಕಾಯ್ದೆಯ 12ನೇ ಕಲಮು ಹೇಳಿತ್ತು. ಒಳ್ಳೆಯ ಮಾತು. ಆದರೆ ಅದೇ ಕಲಮಿನ ಕೊನೆಯಲ್ಲಿ ಒಂದು ಬಾಲವಿತ್ತು: ಅಪಘಾತ ಮಾಲೀಕನ ಆವರಣದಲ್ಲಿ ಅಥವಾ ಅವನ ಹತೋಟಿಯ ಜಾಗದಲ್ಲಿ ಆಗಿರಬೇಕು. ಕಬ್ಬಿನ ಹೊಲ ಯಾರ ಆವರಣ? ರೈತ ತನ್ನ ಹೊಲ ಅನ್ನುತ್ತಾನೆ, ಗ್ಯಾಂಗ್ ನನ್ನದಲ್ಲ ಅನ್ನುತ್ತಾನೆ. ಮುಕಾದಮ ತಾನೂ ಕೂಲಿಯವನೇ ಅನ್ನುತ್ತಾನೆ. ಕಾರ್ಖಾನೆ ಕಬ್ಬು ಮಾತ್ರ ನಮ್ಮದು ಅನ್ನುತ್ತದೆ. ಹೀಗೆ ಬೆರಳು ಯಾರ ಲೆಕ್ಕಕ್ಕೂ ಬಾರದೆ ಹೋಗುತ್ತದೆ.

ಇನ್ನೊಂದು ಸಾಲು ಇದಕ್ಕಿಂತ ವಿಚಿತ್ರ. ಯಾವ ಯಾವ ಕೆಲಸದವರು ಕಾಯ್ದೆಯೊಳಗೆ ಬರುತ್ತಾರೆ ಎಂಬ ಹಳೆಯ ಕಾಯ್ದೆಯ ಪಟ್ಟಿಯಲ್ಲಿ ಒಕ್ಕಲುತನವೂ ಇತ್ತು. ಆದರೆ ಅದು ಟ್ರ್ಯಾಕ್ಟರಿನಿಂದ, ಯಂತ್ರದಿಂದ, ಕರೆಂಟಿನಿಂದ ನಡೆಯುವ ಒಕ್ಕಲುತನ. ಇಂಜಿನ್ ಇದ್ದರೆ ಮನುಷ್ಯ ಕಾಯ್ದೆಗೆ ಕಾಣುತ್ತಿದ್ದ. ಬರೀ ಕುಡುಗೋಲು ಹಿಡಿದವನಿಗೆ ಆ ಸಾಲಿನಲ್ಲಿ ಜಾಗ ಇರಲಿಲ್ಲ. ರನ್ನನ ಕಾಲದಲ್ಲಿ ಗಾಯಕ್ಕೆ ಕಿರೀಟ ಬೇಕಾಗಿತ್ತು, ಇಲ್ಲಿ ಇಂಜಿನ್ ಬೇಕಾಯಿತು.

ಹೆಣ್ಣುಮಕ್ಕಳ ಮಾತು ಇನ್ನೂ ಕಠಿಣ. ಮಹಾರಾಷ್ಟ್ರದ ಬೀಡ ಕಡೆಯಿಂದ ವಲಸೆ ಬರುವ ಕಬ್ಬಿನ ಗ್ಯಾಂಗುಗಳಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ‘ಕೊಯ್ತಾ’. ಕೊಯ್ತಾ ಅಂದರೆ ಕುಡುಗೋಲು. ಇಬ್ಬರು ಮನುಷ್ಯರು ಸೇರಿ ಒಂದು ಹತಾರ. ಮುಂಗಡ ಗಂಡನ ಹೆಸರಿಗೆ, ಲೆಕ್ಕ ಗಂಡನ ಹೆಸರಿಗೆ. ಅವಳ ಕೈ ಹೋದರೆ ಕಾಯ್ದೆ ಕೇಳುವ ಮೊದಲ ಪ್ರಶ್ನೆ: ನಿನ್ನ ಪಗಾರ ಎಷ್ಟು? ಅವಳಿಗೆ ಪಗಾರವೇ ಇಲ್ಲ, ಬರೀ ಕೆಲಸ ಇದೆ. ಮನೆಯ ಹೆಣ್ಣಿನ ದುಡಿಮೆಗೆ ಬೆಲೆ ಕಟ್ಟಬೇಕು ಎಂದು ಸುಪ್ರೀಂ ಕೋರ್ಟು 2001ರಲ್ಲೂ 2010ರಲ್ಲೂ ಹೇಳಿದೆ. 2010ರ ತೀರ್ಪಿನಲ್ಲಿ ಗೃಹಿಣಿಯರನ್ನು ಭಿಕ್ಷುಕರ, ಕೈದಿಗಳ ಸಾಲಿಗೆ ಸೇರಿಸಿದ ಜನಗಣತಿಯನ್ನೂ ಟೀಕಿಸಿದೆ. ಆ ಮಾತು ಕಬ್ಬಿನ ಹೊಲದವರೆಗೆ ನಡೆದು ಬರಬೇಕಾಗಿದೆ.

ಈಗ ಭಾಷೆಯ ಮಾತಿಗೆ ಬರೋಣ. ನಮ್ಮಲ್ಲಿ ಹೀಗನ್ನುತ್ತಾರೆ: “ಗಾಣಕ್ಕ ಕೈ ಸಿಕ್ತು.” ಈ ವಾಕ್ಯದ ಕರ್ತೃ ಯಾರು? ಕೈ! ಕೈ ತಾನಾಗಿ ಹೋಗಿ ಸಿಕ್ಕಿಕೊಂಡಿತು. ಗಾಣಕ್ಕೆ ತಡೆ ಹಾಕದೆ ಬಿಟ್ಟವನು, ರಾತ್ರಿ ಎರಡನೇ ಪಾಳಿಗೂ ಅವನನ್ನೇ ನಿಲ್ಲಿಸಿದವನು ವ್ಯಾಕರಣದಲ್ಲೇ ತಪ್ಪಿಸಿಕೊಂಡ. ಕಾಗದಕ್ಕೆ ಬರುವಾಗ ಅದು “ಸದರಿಯವನು ನಿಷ್ಕಾಳಜಿಯಿಂದ ಕೈ ಹಾಕಿದ್ದರಿಂದ” ಎಂದಾಗುತ್ತದೆ. ಓದಿ ಹೇಳುವವರಿಲ್ಲದೆ ಅದರ ಕೆಳಗೆ ಹೆಬ್ಬೆಟ್ಟು ಬೀಳುತ್ತದೆ. ಹೆಬ್ಬೆರಳೇ ಹೋಗಿದ್ದರೆ ಎಡಗೈಯದು. ಅಬಿಂಜರನ ತರ್ಕ ಸತ್ತಿಲ್ಲ, ಪಂಚನಾಮೆಯ ಕನ್ನಡದಲ್ಲಿ ಬದುಕಿದೆ.

ಆದರೆ ಕಾರ್ಯಕರ್ತರು ಒಂದು ಮಾತು ಗಟ್ಟಿಯಾಗಿ ತಿಳಿದಿರಬೇಕು. ಈ ಪರಿಹಾರಕ್ಕೆ ಮಾಲೀಕನ ತಪ್ಪು ಸಾಬೀತು ಮಾಡಬೇಕಾಗಿಲ್ಲ. ಕೆಲಸದಿಂದ, ಕೆಲಸದ ನಡುವೆ ಗಾಯವಾಯಿತು ಎಂದು ತೋರಿಸಿದರೆ ಸಾಕು. ಕೆಲಸಗಾರನ ಸಾಮಾನ್ಯ ನಿಷ್ಕಾಳಜಿ ಮಾಲೀಕನನ್ನು ಪಾರು ಮಾಡುವುದಿಲ್ಲ. ಕುಡಿದಿದ್ದ, ಬೇಕಂತಲೇ ಸುರಕ್ಷತೆಯ ನಿಯಮ ಮುರಿದ, ಬೇಕಂತಲೇ ತಡೆ ಕಿತ್ತುಹಾಕಿದ ಎಂಬ ಮೂರು ನೆವಗಳಷ್ಟೇ ಮಾಲೀಕನಿಗಿವೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆದಾಗ ಆ ನೆವಗಳೂ ನಡೆಯುವುದಿಲ್ಲ. ಕಾಗದದಲ್ಲಿ ನಿಷ್ಕಾಳಜಿ ಅಂತ ಇದೆ, ಇನ್ನೇನು ಸಿಗುತ್ತದೆ ಎಂದು ಹೆದರಿಸಿ ಐದು ಸಾವಿರಕ್ಕೆ ರಾಜಿ ಮಾಡಿಸುವವರ ಎದುರು ಈ ಒಂದು ಮಾತು ಸಾಕು.

ಇಲ್ಲಿ ಎರಡು ಆಕ್ಷೇಪಣೆ ಬರುತ್ತವೆ. ಮೊದಲನೆಯದು ನಮ್ಮ ಹಿರಿಯರದು: ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ. ಈ ಗಾದೆ ಸುಳ್ಳಲ್ಲ. ಸಿವಿಲ್ ದಾವೆ ಹೂಡಲು 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯಂತೆ ಶುಲ್ಕ ಕಟ್ಟಬೇಕು. ಕಟ್ಟಲಾರದವನು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ತಾನು ಬಡವ ಎಂದು ಅರ್ಜಿ ಹಾಕಬಹುದು. ಆದರೆ ಅವನು ನಿಜಕ್ಕೂ ಬಡವನೇ ಎಂಬುದರ ಮೇಲೇ ಒಂದು ವಿಚಾರಣೆ! ಆದರೂ ಈ ಗಾದೆಯನ್ನು ನಮಗೆ ಹೇಳುವವರು ತಾವು ಕೋರ್ಟು ಬಿಟ್ಟವರಲ್ಲ. ಮಹಾಡದ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮುಟ್ಟಿದಾಗ ಮೇಲ್ಜಾತಿಯವರು ಮಾಡಿದ್ದೇನು? 1927ರ ಡಿಸೆಂಬರಿನಲ್ಲಿ ಸಿವಿಲ್ ದಾವೆ ಹೂಡಿ ತಡೆಯಾಜ್ಞೆ ತಂದರು. ಅಂಬೇಡ್ಕರ್ ಅದೇ ತಿಂಗಳ 25ರಂದು ಮನುಸ್ಮೃತಿಯನ್ನು ಸುಟ್ಟರು, ದಾವೆಯನ್ನೂ ಬಿಡದೆ ನಡೆಸಿದರು. 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದರು. ಹತ್ತು ವರ್ಷದ ತಾರೀಖುಗಳು ಅವು. ಬೆಂಕಿ ಮತ್ತು ವಕಾಲತ್ತು ಎರಡೂ ಒಂದೇ ಕೈಯಲ್ಲಿದ್ದವು. ನಾವು ಬೆಂಕಿಯ ಬಗ್ಗೆ ಬೇಕಾದಷ್ಟು ಕವಿತೆ ಬರೆದಿದ್ದೇವೆ, ವಕಾಲತ್ತಿನ ಬಗ್ಗೆ ಬರೆದಿಲ್ಲ.

ಎರಡನೆಯ ಆಕ್ಷೇಪಣೆ ಸಂಗಾತಿಗಳದು: ರಕ್ತಕ್ಕೆ ರೊಕ್ಕ ತಗೊಳ್ಳುವುದು ವ್ಯವಸ್ಥೆಯ ಜೊತೆ ರಾಜಿಯಲ್ಲವೇ? ಅಲ್ಲ ಅನ್ನುತ್ತೇನೆ. ಮಂತ್ರಿಗಳು ಬಂದು ಫೋಟೋ ತೆಗೆಸಿಕೊಂಡು ಕೊಡುವ ಚೆಕ್ಕಿಗೂ ದಾವೆಯಲ್ಲಿ ಬರುವ ಪರಿಹಾರಕ್ಕೂ ಅಜಗಜಾಂತರ. ಮೊದಲನೆಯದು ದಾನ, ಕೈ ಮುಗಿದು ತಗೊಳ್ಳಬೇಕು. ಎರಡನೆಯದಕ್ಕೆ ಅವನು ವಾದಿಯಾಗಿ ನಿಲ್ಲುತ್ತಾನೆ, ಮಾಲೀಕ ಎದುರುಗಾರನಾಗಿ ಉತ್ತರ ಕೊಡಬೇಕಾಗುತ್ತದೆ. ನಮ್ಮ ಜನ ಕೋರ್ಟಿನ ಮೆಟ್ಟಿಲು ಹತ್ತಿದ್ದು ಹೆಚ್ಚಾಗಿ ಆರೋಪಿಯಾಗಿ, ಇಲ್ಲವೇ ಸಾಕ್ಷಿಯಾಗಿ. ವಾದಿಯಾಗಿ ಹತ್ತುವುದೇ ಒಂದು ಬಂಡಾಯ.

ಕೂಲಿಯಿಂದ ಗುಣಿಸುವ ಲೆಕ್ಕವನ್ನು ಮುರಿಯಲು ಬರುತ್ತದೆ ಎಂಬುದಕ್ಕೂ ಪುರಾವೆ ಇದೆ. ಮಲದ ಗುಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು ಹೇಳಿತು. 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷ ಮಾಡಿತು; ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷಕ್ಕೆ ಕಡಿಮೆ ಇಲ್ಲದಂತೆ ಎಂದಿತು. ಸತ್ತವನ ದಿನಗೂಲಿ ಎಷ್ಟಿತ್ತು ಎಂದು ಇಲ್ಲಿ ಕೇಳಲಿಲ್ಲ. ಜಾತಿಯೇ ಅವನನ್ನು ಗುಂಡಿಗೆ ಇಳಿಸಿರುವಾಗ ಜಾತಿಯೇ ಕಟ್ಟಿದ ಕೂಲಿಯಿಂದ ಅವನ ಸಾವನ್ನು ಅಳೆಯಲಾಗದು ಎಂಬುದು ಆ ಆದೇಶದ ಒಳಗಿನ ಅರ್ಥವೆಂದು ನಾನು ಓದುತ್ತೇನೆ. ಗುಂಡಿಗೆ ಒಪ್ಪುವ ತತ್ವ ಕಬ್ಬಿನ ಹೊಲಕ್ಕೆ ಯಾಕೆ ಒಪ್ಪಬಾರದು? ನಮ್ಮ ಸಂಘಟನೆಗಳ ಬೇಡಿಕೆಪಟ್ಟಿಯಲ್ಲಿ ಇದು ಮೊದಲ ಸಾಲಾಗಬೇಕು: ಕೈಗೆ ಕೂಲಿ ನೋಡದೆ ಒಂದು ಕನಿಷ್ಠ ಬೆಲೆ.

ಅಲ್ಲಿಯವರೆಗೆ ಇರುವ ಕಾಯ್ದೆಯನ್ನೇ ಹಿಡಿದು ಎಳೆಯಬೇಕು. 2004ರಲ್ಲಿ ರಸ್ತೆಯಲ್ಲಿ ಗಾಯಗೊಂಡ ಕರ್ನಾಟಕದ ಒಬ್ಬ ಕೂಲಿಕಾರ ತನ್ನ ದುಡಿಮೆ ತಿಂಗಳಿಗೆ 4,500 ಎಂದ. ಕೆಳಗಿನವರು 3,000 ಹಿಡಿದರು. 2011ರಲ್ಲಿ ಸುಪ್ರೀಂ ಕೋರ್ಟು ಕೂಲಿಕಾರ ಪಗಾರದ ಕಾಗದ ತರಲಾರ, ಅವನ ಮಾತು ಅತಿಯಾಗಿಲ್ಲದಿದ್ದರೆ ನಂಬಬೇಕು ಎಂದು 4,500ನ್ನೇ ಒಪ್ಪಿತು. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕೂತ ಕೂಲಿಯವನಿಗೆ ವಿಮೆ ಇಲ್ಲ ಎಂದು ಕಂಪನಿ ಕೈ ಎತ್ತಿದ ಒಂದು ಪ್ರಕರಣದಲ್ಲಿ, 2007ರಲ್ಲಿ ಅದೇ ಕೋರ್ಟು ಮೊದಲು ನೀನು ಕೊಡು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೋ ಎಂದಿತು. ವಾಹನ ಅಪಘಾತದ ಅರ್ಜಿಯನ್ನು ಅಪಘಾತವಾದಲ್ಲಿ ಮಾತ್ರವಲ್ಲ, ಗಾಯಾಳು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ವಲಸೆ ಬಂದವರಿಗೆ ಇದು ದೊಡ್ಡ ಆಸರೆ. ಆದರೆ 2022ರ ಏಪ್ರಿಲ್‌ನಿಂದ ಅದಕ್ಕೆ 6 ತಿಂಗಳ ಗಡುವು ಬಂದಿದೆ. ಆ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದರೂ ಅದನ್ನು ನಂಬಿ ಕೂರುವುದು ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಎಲ್ಲ ಹೆಣ್ಣುಮಕ್ಕಳಿಗೆ ಪುಕ್ಕಟೆ ವಕೀಲರು ಸಿಗಬೇಕು. ಅರ್ಜಿ ಕೊಡಲು ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ.

ಕೊನೆಗೆ ನಮ್ಮ ಕಾವ್ಯದ ಮಾತು. ದಲಿತ ಬಂಡಾಯ ಕಾವ್ಯದಲ್ಲಿ ಗಾಯ ಎಂಬ ಪದ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆದರೆ ಅದು ಹೆಚ್ಚಾಗಿ ಸಮುದಾಯದ ಗಾಯ, ಸಾವಿರಾರು ವರ್ಷದ ಗಾಯ. ಆ ಗಾಯ ನಿಜ. ಆದರೆ ಕೋರ್ಟಿಗೆ ಬೇಕಾದದ್ದು ಇಂಥ ದಿನ, ಇಂಥ ಹೊಲದಲ್ಲಿ, ಇಂಥವಳ ಬಲಗೈ ತೋರುಬೆರಳು. ಗಾಯ ಬರೀ ಪ್ರತಿಮೆಯಾಗಿ ಉಳಿದರೆ ಅದಕ್ಕೆ ಉತ್ತರ ಕೊಡಬೇಕಾದವನು ಆರಾಮಾಗಿ ತಪ್ಪಿಸಿಕೊಳ್ಳುತ್ತಾನೆ. ನಿಖರವಾಗಿ ಹೆಸರಿಸುವುದು ಕವಿಯ ಕೆಲಸವೂ ಹೌದು, ಫಿರ್ಯಾದಿಯ ಕೆಲಸವೂ ಹೌದು.

ಹಳ್ಳಿಯ ಮಾಸ್ತರರು, ಕಾಲೇಜಿನ ಹುಡುಗರು ಈ ಹಂಗಾಮಿನಲ್ಲಿ ಒಂದು ಕೆಲಸ ಮಾಡಬಹುದು. ಊರ ಹೊರಗೆ ಗುಡಿಸಲು ಹಾಕಿದ ಗ್ಯಾಂಗಿನ ಹತ್ತಿರ ಒಂದು ನೋಟುಬುಕ್ಕು ಹಿಡಿದು ಹೋಗಿ. ಗಂಡಿನದೂ ಹೆಣ್ಣಿನದೂ ಬೇರೆ ಬೇರೆ ಹೆಸರು ಬರೆಯಿರಿ. ಊರು, ವಯಸ್ಸು, ಮುಕಾದಮನ ಹೆಸರು, ಯಾವ ಕಾರ್ಖಾನೆಗೆ ಕಬ್ಬು, ಟ್ರ್ಯಾಕ್ಟರ್ ನಂಬರು, ಟನ್ನಿಗೆ ಎಷ್ಟು, ದಿನಕ್ಕೆ ಎಷ್ಟು ಬಿತ್ತು ಬರೆಯಿರಿ. ಗಾಯವಾದ ದಿನ ಆಸ್ಪತ್ರೆಗೆ ಜೊತೆಗೆ ಹೋಗಿ, ಏನಾಯಿತು ಅಂತ ಕೇಳಿದಾಗ “ಕೈ ಸಿಕ್ತು” ಅಂತ ಬರೆಯಲು ಬಿಡಬೇಡಿ; ಯಾವ ಗಾಣ, ಯಾರ ಗಾಣ, ತಡೆ ಇತ್ತೋ ಇಲ್ಲವೋ ಬರೆಸಿ. ಆ ಬರಹ ಯಾವ ಪತ್ರಿಕೆಯಲ್ಲೂ ಅಚ್ಚಾಗದಿದ್ದರೂ ಚಿಂತೆಯಿಲ್ಲ, ಕೋರ್ಟಿನಲ್ಲಿ ನಿಲ್ಲಬೇಕು.